ವಿಜಯಪುರದ ಧೂಳು, ಸವಳು ನೀರು, ನಿಮ್ಮ ಬೈಕು: ತೊಳೆಯುವುದರಿಂದ ಪಾಲಿಶ್‌ವರೆಗೆ

ಬೆಳಿಗ್ಗೆ ವಿಜಯಪುರದ ಯಾವ ಓಣಿಯಲ್ಲಿ ನಿಂತರೂ ಟಪ್ ಟಪ್ ಅಂತ ಅರಿವಿ ಝಾಡಿಸುವ ಸದ್ದು ಕೇಳುತ್ತದೆ. ಡ್ಯೂಟಿಗೆ ಹೊರಟವರು ಸೀಟಿನ ಸಂದಿಯಿಂದ ಹಳೆ ಬನಿಯನ್ ತೆಗೆಯುತ್ತಾರೆ. ಎರಡು ಸಲ ಝಾಡಿಸಿ, ಟ್ಯಾಂಕಿನ ಮೇಲೆ ಗರಗರ ಉಜ್ಜಿ, ಗಾಡಿ ಚಾಲೂ ಮಾಡಿ ಹೋಗುತ್ತಾರೆ. ಟ್ಯಾಂಕಿನ ಹೊಳಪು ಹೋಗುವುದು ಅಲ್ಲೇ. ನಮ್ಮ ಧೂಳು ಬರೀ ಮಣ್ಣಲ್ಲ, ಅದರಲ್ಲಿ ಗರಸು, ಮರಳು ಎಲ್ಲ ಇರುತ್ತದೆ. ಒಣ ಬಟ್ಟೆಯ ಕೆಳಗೆ ಸಿಕ್ಕ ಒಂದೊಂದು ಕಣವೂ ಬಣ್ಣದ ಮೇಲೆ ಸಣ್ಣ ಗೀರು ಎಳೆಯುತ್ತಾ ಹೋಗುತ್ತದೆ. ನಂಬಿಕೆ ಬರದಿದ್ದರೆ ಎರಡು ಮೂರು ವರ್ಷ ಓಡಿದ ಕಪ್ಪು ಬಣ್ಣದ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಟ್ಯಾಂಕನ್ನು ಓರೆಯಾಗಿ ನೋಡಿ. ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಗೀರು ಕಾಣುತ್ತವೆ.

ಆದ್ದರಿಂದ ಮುಂದೆ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಮೊದಲು ನೀರು, ಆಮೇಲೆ ಬಟ್ಟೆ. ಪಾಲಿಶ್ ಎಲ್ಲಕ್ಕಿಂತ ಕೊನೆಗೆ. ದಿನಾ ಬೆಳಿಗ್ಗೆ ಒರೆಸಲೇಬೇಕು ಅಂದರೆ ಸೀಟು, ಕನ್ನಡಿ, ಹ್ಯಾಂಡಲ್ ಒರೆಸಿ. ಕನ್ನಡಿಗೂ ಮೊದಲು ಒಂಚೂರು ನೀರು ಚಿಮುಕಿಸಿ. ಟ್ಯಾಂಕಿನ ಮೇಲೆ ಧೂಳು ಕೂತರೆ ಕೂರಲಿ ಬಿಡಿ, ಭಾನುವಾರದವರೆಗೆ ಅದರಿಂದ ಏನೂ ಕೆಡುವುದಿಲ್ಲ.

ಬೇಕಾದ ಸಾಮಾನು

ದೊಡ್ಡ ಪಟ್ಟಿ ಇಲ್ಲ. ಎರಡು ಬಕೆಟ್, ಒಂದು ಚೊಂಬು, ಗಾಡಿ ತೊಳೆಯುವ ಶಾಂಪೂ, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಹಳೆ ಹಲ್ಲುಜ್ಜುವ ಬ್ರಷ್, ಇನ್ನೊಂದು ಉದ್ದ ಹಿಡಿಕೆಯ ನೈಲಾನ್ ಬ್ರಷ್. ಮೈಕ್ರೋಫೈಬರ್ ಬಟ್ಟೆ ಬೇರೆ ಬೇರೆ ಬಣ್ಣದ್ದು ತೊಗೊಳ್ಳಿ. ಒಂದು ಬಣ್ಣ ಟ್ಯಾಂಕಿಗೆ ಮಾತ್ರ, ಒಂದು ಚಕ್ರ ಮತ್ತು ಎಂಜಿನ್ನಿಗೆ, ಇನ್ನೆರಡು ಒಣಗಿಸುವುದಕ್ಕೆ ಮತ್ತು ಪಾಲಿಶ್‌ಗೆ. ಚಕ್ರ ಒರೆಸಿದ ಬಟ್ಟೆ ತಪ್ಪಿಯೂ ಟ್ಯಾಂಕಿಗೆ ಹೋಗಬಾರದು. ನೆಲಕ್ಕೆ ಬಿದ್ದ ಬಟ್ಟೆಯೂ ಅಷ್ಟೇ. ಮತ್ತೆ ಒಗೆಯುವವರೆಗೆ ಅದು ಚಕ್ರದ ಬಟ್ಟೆ.

ಶಾಂಪೂ ಯಾಕೆ, ಮನೆಯಲ್ಲಿ ಬಟ್ಟೆ ಒಗೆಯುವ ಪುಡಿ ಇದೆಯಲ್ಲ ಅಂತ ಕೇಳುವವರು ಜಾಸ್ತಿ. ಬಟ್ಟೆ ಪುಡಿಯಲ್ಲಿ ಕ್ಷಾರ ಇರುತ್ತದೆ. ಎಣ್ಣೆ ಕೊಳೆ ಬಿಡಿಸುವುದು ಅದೇ, ಆದರೆ ಬಣ್ಣ ಕಾಯಲು ಹಚ್ಚಿದ ವ್ಯಾಕ್ಸ್ (ಮೇಣ) ಪದರವೂ ಅದರ ಜೊತೆಗೇ ಹೋಗುತ್ತದೆ. ಅಲ್ಯೂಮಿನಿಯಂ ಭಾಗಗಳು ಮಂಕಾಗುತ್ತವೆ. ಪುಡಿ ಪೂರ್ತಿ ಕರಗದಿದ್ದರೆ ಅದರ ಹರಳೇ ಗೀರು ಹಾಕುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡೂ ವ್ಯಾಕ್ಸ್ ತೆಗೆಯುತ್ತದೆ. ಕೈಗೆ ಬೇರೇನೂ ಸಿಗದಿದ್ದಾಗ ಒಮ್ಮೆ ಬಳಸಿದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ರೂಢಿ ಮಾಡಿಕೊಳ್ಳಬೇಡಿ. ತಲೆಗೆ ಹಾಕುವ ಶಾಂಪೂ ಸ್ಯಾಶೆ ಇವೆರಡಕ್ಕಿಂತ ಮೇಲು.

ಯಾವ ನೀರು?

ಬೇರೆ ಊರಿನ ಯೂಟ್ಯೂಬ್ ವಿಡಿಯೋಗಳು ಈ ವಿಷಯ ಮುಟ್ಟುವುದೇ ಇಲ್ಲ. ಆದರೆ ವಿಜಯಪುರ ಜಿಲ್ಲೆಯಲ್ಲಿ ಅರ್ಧ ಕೆಲಸ ಇದರ ಮೇಲೇ ನಿಂತಿದೆ. ನಮ್ಮ ಬಹಳಷ್ಟು ಬೋರಿನ ನೀರು ಸವಳು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ. ಟ್ಯಾಂಕಿನ ಮೇಲೆ ಒಂದು ಹನಿ ಒಣಗಿದರೆ ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಹತ್ತಿರ ಹೋಗಿ ನೋಡಿದರೆ ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪಗೆ ಬಿಳಿ ಬಳೆ ಮೂಡಿರುತ್ತದೆ. ಬಿಸಿಲಿಗೆ ಕಾದು ಕಾದು ಆ ಬಳೆ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಮುಂದಿನ ವಾರ ಶಾಂಪೂ ಹಾಕಿದರೂ ಬಿಡುವುದಿಲ್ಲ.

ಊರೊಳಗೆ ಇರುವವರಿಗೆ ಸುಲಭದ ದಾರಿ ಇದೆ. ಕೊಲ್ಹಾರದಿಂದ ಬರುವ ಕೃಷ್ಣಾ ನದಿಯ ನೀರು ಬೋರಿನ ನೀರಿಗಿಂತ ಎಷ್ಟೋ ಮೆದು. ನಳ ಬಿಡುವ ದಿನವೇ ಗಾಡಿ ತೊಳೆಯುವ ದಿನ ಅಂತ ಇಟ್ಟುಕೊಳ್ಳಿ. ಬೋರಿನ ನೀರೇ ಗತಿ ಅನ್ನುವವರು ಮೊದಲೆಲ್ಲ ಬೋರಿನ ನೀರಿನಲ್ಲೇ ತೊಳೆದು, ಕೊನೆಯ ಜಾಲಾಡುವಿಕೆಗೆ ಮಾತ್ರ ಎರಡು ಮೂರು ಲೀಟರ್ ಸಿಹಿ ನೀರು ಇಟ್ಟುಕೊಳ್ಳಿ. ಕಾಯಿನ್ ಹಾಕಿ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ್ದು ನಡೆಯುತ್ತದೆ. ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿಯುವ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮೊದಲ ಮಳೆಯ ಧೂಳಿನ ನೀರು ಬಿಟ್ಟು ಆಮೇಲಿನದನ್ನು ಹಿಡಿಯಿರಿ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಮನೆಯ ಆರ್‌ಒ ಯಂತ್ರದಿಂದ ಹೊರಗೆ ಬೀಳುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಾಡಿ ತೊಳೆಯುತ್ತಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಯಂತ್ರ ಸಿಹಿ ನೀರನ್ನು ನಿಮಗೆ ಕೊಟ್ಟು, ಲವಣವನ್ನೆಲ್ಲ ಆ ವೇಸ್ಟ್ ನೀರಿಗೆ ತಳ್ಳಿರುತ್ತದೆ. ಅದು ಯಂತ್ರದೊಳಗೆ ಹೋದ ನೀರಿಗಿಂತ ಹೆಚ್ಚು ಸವಳು. ಅದನ್ನು ಪಾಯಖಾನೆಗೋ ಅಂಗಳ ತೊಳೆಯುವುದಕ್ಕೋ ಬಳಸಿ. ಡೋಣಿ ಹೊಳೆ ಸಾಲಿನ ಹಳ್ಳಿಯವರಿಗೂ ಇದೇ ಮಾತು. ಡೋಣಿ ನೀರು ಉಪ್ಪು ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಳೆಯಲ್ಲಿ ಗಾಡಿ ಇಳಿಸಿ ತೊಳೆದರೆ ಮಣ್ಣು ಹೋಗುತ್ತದೆ, ಆದರೆ ಸ್ಪೋಕು, ನಟ್ಟು ಬೋಲ್ಟಿಗೆ ತುಕ್ಕು ಬೇಗ ಹತ್ತುತ್ತದೆ. ಎಣ್ಣೆ ಕೊಳೆ ಹೊಳೆಗೆ ಸೇರುವುದಂತೂ ಬೇರೆ ಪಾಪ.

ಈಗಾಗಲೇ ಬಿಳಿ ಬಳೆ ಮೂಡಿದ್ದರೆ ಬಿಳಿ ವಿನೆಗರ್ ತೊಗೊಂಡು ಅಷ್ಟೇ ನೀರು ಬೆರೆಸಿ. ಬಟ್ಟೆ ಅದ್ದಿ ಹಿಂಡಿ, ಕಲೆಯ ಮೇಲೆ ಒಂದು ನಿಮಿಷ ಇಟ್ಟು, ಮೆಲ್ಲಗೆ ಒರೆಸಿ, ತಕ್ಷಣ ನೀರು ಹಾಕಿ. ನೆರಳಲ್ಲೇ ಮಾಡಬೇಕು. ಇಂಡಿ ನಿಂಬೆ ಮನೆಯಲ್ಲೇ ಇದೆ, ಅದನ್ನೇ ಹಿಂಡಿದರೆ ಆಗದೇ? ಕಲೆ ಹೋಗುವುದೇನೋ ಹೌದು. ಆದರೆ ಹುಳಿ ಟ್ಯಾಂಕಿನ ಮೇಲೆ ಒಣಗಿದರೆ ಬಣ್ಣವನ್ನೂ ತಿನ್ನುತ್ತದೆ. ಬಳಸುವುದಾದರೆ ನೀರು ಬೆರೆಸಿಯೇ ಬಳಸಿ. ವಿನೆಗರ್ ಆಗಲಿ ನಿಂಬೆ ಆಗಲಿ, ಬಣ್ಣವಿಲ್ಲದ ಅಲ್ಯೂಮಿನಿಯಂ ಮೇಲೆ ಬೇಡ.

ತೊಳೆಯುವ ಮುಂಚೆ

ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಶುರು ಮಾಡಿ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ. ಗಾಡಿ ಓಡಿಸಿಕೊಂಡು ಬಂದಿದ್ದರೆ ಅರ್ಧ ಮುಕ್ಕಾಲು ಗಂಟೆ ಬಿಡಿ. ಸೈಲೆನ್ಸರ್ ಮೇಲೆ ಕೈ ಇಡುವಷ್ಟು ತಣ್ಣಗಾಗಿರಬೇಕು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಚುಂಯ್ ಅನ್ನುತ್ತದೆ. ನೀರು ಅಲ್ಲೇ ಆವಿಯಾಗಿ ಕಲೆ ಕೂರುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗುವ ಸಂಭವವೂ ಇದೆ.

ಡಬಲ್ ಸ್ಟ್ಯಾಂಡ್ ಹಾಕಿ. ಸೈಲೆನ್ಸರ್ ಬಾಯಿಗೆ ಒಂದು ಕ್ಯಾರಿಬ್ಯಾಗ್ ಉಂಡೆ ಮಾಡಿ ತುರುಕಿ, ಕೊನೆಗೆ ತೆಗೆಯಲು ಮರೆಯದಂತೆ ಅರ್ಧ ಹೊರಗೇ ಬಿಡಿ. ಕೀಲಿ ತೂತಿಗೆ ಟೇಪು ಅಂಟಿಸಿ. ಮೊಬೈಲ್ ಚಾರ್ಜರ್ ಹಾಕಿಸಿದ್ದರೆ ಅದಕ್ಕೂ ಪ್ಲಾಸ್ಟಿಕ್ ಸುತ್ತಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಟ್ಯಾಂಕಿನ ಮಟ್ಟಕ್ಕೇ ಕೂರುವ ಮುಚ್ಚಳ ಇದ್ದರೆ, ಅದನ್ನು ತೆರೆದಾಗ ಅಂಚಿನಲ್ಲಿ ಸಣ್ಣ ತೂತೊಂದು ಕಾಣುತ್ತದೆ. ಮಳೆನೀರು ಕೆಳಗೆ ಹರಿದು ಹೋಗಲು ಅದನ್ನು ಇಟ್ಟಿರುತ್ತಾರೆ. ನಮ್ಮ ಧೂಳಿಗೆ ಅದು ಮುಚ್ಚಿಹೋಗುತ್ತದೆ. ಆಗ ನೀರು ಅಲ್ಲೇ ನಿಂತು ಪೆಟ್ರೋಲಿಗೆ ಇಳಿಯುತ್ತದೆ. ಗಾಡಿ ತೊಳೆದ ಮರುದಿನ ಚಾಲೂ ಆಗಲ್ಲ ಅಂತ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಬರುವ ಗಾಡಿಗಳಲ್ಲಿ ಇಂಥವೂ ಇರುತ್ತವೆ. ತೂತಿನ ಸುತ್ತಲಿನ ಕೊಳೆಯನ್ನು ಒದ್ದೆ ಬಟ್ಟೆಯಿಂದ ತೆಗೆದು, ಮುಚ್ಚಳ ಹಾಕಿ ಭದ್ರ ಮಾಡಿ.

ಎರಿ ಮಣ್ಣಿನ ಸಮಾಚಾರ

ಮಳೆಗಾಲದಲ್ಲಿ ಹೊಲದ ದಾರಿ ಹಿಡಿದವರಿಗೆ ಇದು ಗೊತ್ತು. ಎರಿ ಮಣ್ಣು, ಅಂದರೆ ನಮ್ಮ ಹೊಲದ ಕಪ್ಪು ಮಣ್ಣು, ಒದ್ದೆಯಾದರೆ ಉಬ್ಬುತ್ತದೆ, ಟೈರಿಗೆ ಸುತ್ತಿಕೊಳ್ಳುತ್ತದೆ, ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಒಣಗಿದ ಮೇಲೆ ಕುಗ್ಗಿ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಈ ಎರಡು ಸ್ಥಿತಿಯ ನಡುವೆ ಒಂದು ಹದ ಇದೆ. ಆ ಹದಕ್ಕೆ ತಂದರೆ ಕೆಲಸ ಹಗುರ.

ಒಣಗಿದ ರಾಡಿಯನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಣ್ಣ ಅದರ ಜೊತೆಗೇ ಕಿತ್ತು ಬರುತ್ತದೆ, ಆ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಮೊದಲು ಚೊಂಬಿನಿಂದ ನೀರು ಹಾಕಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಹಸಿ ಗೋಣಿಚೀಲದ ತುಂಡು ಸಿಕ್ಕಿಸಿ ಬಿಟ್ಟರೆ ಇನ್ನೂ ಒಳ್ಳೆಯದು, ಈ ಮಣ್ಣು ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಮೆದುವಾದ ಮೇಲೆ ಬಿದಿರಿನ ಚಕ್ಕೆ ಅಥವಾ ಹಳೆ ಮರದ ಸೌಟಿನಿಂದ ಕೆರೆದು ತೆಗೆಯಿರಿ. ಮೊದಲೇ ಜೋರಾಗಿ ನೀರು ಹೊಡೆದರೆ ಮೇಲಿನ ಪದರ ಅಂಟಾಗಿ ಒಳಗೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ.

ಮಡ್‌ಗಾರ್ಡ್ ಒಳಗಿನ ಅಂಚು, ಚೈನ್ ಕವರಿನ ತಳ, ಫುಟ್‌ರೆಸ್ಟ್ ಕೀಲು, ಸ್ಟ್ಯಾಂಡಿನ ಸ್ಪ್ರಿಂಗು, ಎಂಜಿನ್ನಿನ ಹೊಟ್ಟೆ. ಈ ಐದು ಕಡೆ ಕೈ ಹಾಕಿ ನೋಡಲೇಬೇಕು. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಮಣ್ಣು ಒಣಗಿದ್ದರೆ ಅದನ್ನು ಒದ್ದೆ ಮಾಡಿ ಮೆತ್ತನೆ ಬಟ್ಟೆಯಿಂದಲೇ ತೆಗೆಯಿರಿ. ಹಾಗೇ ಬಿಟ್ಟು ಓಡಿಸಿದರೆ ಫೋರ್ಕ್ ಮೇಲೆ ಕೆಳಗೆ ಆಡಿದಂತೆಲ್ಲ ಆ ಮಣ್ಣು ಆಯಿಲ್ ಸೀಲನ್ನು ಕೊರೆಯುತ್ತದೆ. ಎಣ್ಣೆ ಸೋರತೊಡಗಿದರೆ ಖರ್ಚು ತೊಳೆಯುವ ಖರ್ಚಿನಂತಲ್ಲ.

ತೊಳೆಯುವ ಸರದಿ

ಮಣ್ಣು ಹೋಯಿತಲ್ಲ, ಈಗ ಇಡೀ ಗಾಡಿಗೆ ಮೇಲಿಂದ ಕೆಳಗೆ ಬರೀ ನೀರು ಸುರಿಯಿರಿ. ಬಟ್ಟೆ ಮುಟ್ಟಿಸಬೇಡಿ. ಸಡಿಲ ಧೂಳೆಲ್ಲ ನೀರಿನ ಜೊತೆ ಹರಿದು ಹೋಗಲಿ. ಟ್ಯಾಂಕಿನ ಗೀರು ತಪ್ಪಿಸುವುದು ಈ ಎರಡು ನಿಮಿಷದ ಕೆಲಸವೇ, ಅವಸರ ಮಾಡಬೇಡಿ.

ಎಂಜಿನ್ನು ಮತ್ತು ಚಕ್ರವನ್ನು ಮೊದಲು ಮುಗಿಸಿ. ಟ್ಯಾಂಕಿಗೆ ಮೊದಲು ಶಾಂಪೂ ಹಾಕಿ ಆಮೇಲೆ ಚಕ್ರ ಉಜ್ಜಲು ಕೂತರೆ, ಅಷ್ಟರಲ್ಲಿ ಟ್ಯಾಂಕಿನ ನೊರೆ ಒಣಗಿ ಕಲೆ ಆಗುತ್ತದೆ. ಎಂಜಿನ್ನಿನ ಫಿನ್ನುಗಳ ನಡುವೆ ಉದ್ದ ಬ್ರಷ್, ಸ್ಪೋಕಿನ ಬುಡಕ್ಕೆ ಹಲ್ಲಿನ ಬ್ರಷ್. ಎಣ್ಣೆ ಜಿಡ್ಡು ಕಟ್ಟಿದ ಕಡೆ ಅದನ್ನು ಬಿಡಿಸುವ ಡಿಗ್ರೀಸರ್ ಹಚ್ಚಿ, ಐದು ನಿಮಿಷ ಬಿಟ್ಟು, ಉಜ್ಜಿ ತೊಳೆಯಿರಿ. ತಂತಿ ಬ್ರಷ್ ಬೇಡ. ಹಳೆಯ ಗಾಡಿಗಳಲ್ಲಿ ಸ್ಪಾರ್ಕ್ ಪ್ಲಗ್ ಕೂರುವ ಗುಣಿಯಲ್ಲಿ ನೀರು ನಿಂತರೆ ಗಾಡಿ ಮಿಸ್ ಹೊಡೆಯುತ್ತದೆ. ಅಲ್ಲಿ ನೀರು ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಈಗ ಟ್ಯಾಂಕು, ಸೈಡ್ ಪ್ಯಾನೆಲ್. ಒಂದು ಬಕೆಟ್ಟಿನಲ್ಲಿ ಅರ್ಧ ನೀರಿಗೆ ಒಂದು ಮುಚ್ಚಳ ಶಾಂಪೂ. ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಆಮೇಲೆ ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಮತ್ತೆ ಶಾಂಪೂ. ಮುಗಿಯುವ ಹೊತ್ತಿಗೆ ಬರೀ ನೀರಿನ ಬಕೆಟ್ಟಿನ ತಳದಲ್ಲಿ ಕೈ ಆಡಿಸಿ ನೋಡಿ, ಚರಚರ ಅನ್ನುವ ಮರಳು ಸಿಗುತ್ತದೆ. ಒಂದೇ ಬಕೆಟ್ಟಾಗಿದ್ದರೆ ಅದೆಲ್ಲ ವಾಪಸ್ ಟ್ಯಾಂಕಿಗೇ ಹೋಗುತ್ತಿತ್ತು. ಕೈ ಒತ್ತಬೇಡಿ. ಗುಂಡಗೆ ತಿರುಗಿಸಬೇಡಿ, ಮುಂದಿನಿಂದ ಹಿಂದಕ್ಕೆ ನೇರವಾಗಿ ಒರೆಸಿ.

ಹೆಡ್‌ಲೈಟಿನ ಮೇಲೆ ಮಳೆಗಾಲದ ಹುಳ ಒಣಗಿ ಅಂಟಿದ್ದರೆ ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಡಿ, ತಾನೇ ಬಿಡುತ್ತದೆ. ಹಕ್ಕಿ ಹಿಕ್ಕೆಗೂ ಇದೇ ಉಪಾಯ. ಅದನ್ನು ಮಾತ್ರ ವಾರದವರೆಗೆ ಕಾಯಿಸಬೇಡಿ, ಕಂಡ ದಿನವೇ ತೆಗೆಯಿರಿ, ಬಿಸಿಲಿಗೆ ಬಣ್ಣ ಸುಟ್ಟುಬಿಡುತ್ತದೆ. ಬೇಸಿಗೆಯಲ್ಲಿ ಹೊಸ ರಸ್ತೆಯ ಡಾಂಬರು ಚುಕ್ಕೆ ಹಾರಿದ್ದರೆ ಬಟ್ಟೆಗೆ ಸ್ವಲ್ಪ ಚಿಮಣಿ ಎಣ್ಣೆ (ಸೀಮೆಎಣ್ಣೆ) ಹಚ್ಚಿ ಆ ಚುಕ್ಕೆಯನ್ನಷ್ಟೇ ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ. ಇನ್ನು ಕಬ್ಬಿನ ಹಂಗಾಮಿನಲ್ಲಿ ಡಬಲ್ ಟ್ರಾಲಿ ಹಿಂದೆ ಹೋಗಿ ಬಂದವರ ಗಾಡಿಗೆ ಅಂಟು ಅಂಟು ಧೂಳು ಕೂತಿರುತ್ತದೆ. ಅದು ಸಕ್ಕರೆ ಅಂಶ, ಉಗುರುಬೆಚ್ಚಗಿನ ನೀರು ಹಾಕಿದರೆ ಸಲೀಸಾಗಿ ಬಿಡುತ್ತದೆ.

ವಾಟರ್ ಸರ್ವಿಸಿಂಗಿಗೆ ಕೊಡುವವರಿಗೆ ಎರಡು ಮಾತು. ಕೊಡಬೇಡಿ ಅನ್ನುವುದಿಲ್ಲ, ಎರಿ ಮಣ್ಣು ಮೈತುಂಬಾ ಮೆತ್ತಿದಾಗ ಅದೇ ಸರಿ. ಆದರೆ ಪಕ್ಕದಲ್ಲೇ ನಿಂತುಕೊಳ್ಳಿ. ಪ್ರೆಶರ್ ಗನ್ನನ್ನು ಚಕ್ರದ ನಡುವಿನ ಬೇರಿಂಗು, ಹ್ಯಾಂಡಲ್ ಕೆಳಗಿನ ಕೋನ್‌ಸೆಟ್, ಚೈನು, ಮೀಟರು, ಸ್ವಿಚ್ಚು, ಏರ್ ಫಿಲ್ಟರ್ ಬಾಯಿ, ರೇಡಿಯೇಟರ್ ಇದ್ದರೆ ಅದರ ತೆಳ್ಳನೆ ಫಿನ್ನು, ಇವುಗಳಿಗೆ ಹತ್ತಿರದಿಂದ ಹೊಡೆಯದಂತೆ ಹೇಳಿ. ಜೋರಾದ ನೀರು ಬೇರಿಂಗಿನ ಗ್ರೀಸನ್ನು ಹೊರಗೆ ತಳ್ಳುತ್ತದೆ. ತೊಳೆದ ಮೇಲೆ ಹೊಳಪು ಬರಲಿ ಅಂತ ಡೀಸೆಲ್ ಸಿಂಪಡಿಸುತ್ತಾರಲ್ಲ, ಅದನ್ನು ಖಡಾಖಂಡಿತ ಬೇಡ ಅನ್ನಿ. ಒಂದು ದಿನ ಮಿರಿಮಿರಿ ಮಿಂಚುತ್ತದೆ. ಮರುದಿನ ಊರ ಧೂಳೆಲ್ಲ ಅದರ ಮೇಲೆ ಕೂತು ಮೆತ್ತಿಕೊಳ್ಳುತ್ತದೆ. ರಬ್ಬರ್ ಭಾಗಗಳು ಉಬ್ಬಿ ಕೆಡುತ್ತವೆ. ಬ್ರೇಕಿಗೆ ತಗುಲಿದರಂತೂ ಜೀವಕ್ಕೇ ಸಂಚಕಾರ.

ಒಣಗಿಸುವುದು

ಇಲ್ಲಿ ಗಡಿಬಿಡಿ ಬೇಕು. ಸಿಹಿ ನೀರಿನ ಕೊನೆಯ ಸುರಿತ ಮುಗಿದ ಕೂಡಲೇ ಗಾಡಿಯನ್ನು ನೆರಳಿಗೆ ತಳ್ಳಿ, ಹನಿ ಒಣಗುವ ಮುಂಚೆ ಬಟ್ಟೆ ಹಾಕಿ. ದೊಡ್ಡ ಮೈಕ್ರೋಫೈಬರನ್ನು ಟ್ಯಾಂಕಿನ ಮೇಲೆ ಹಾಸಿ, ಮೇಲಿಂದ ಅಂಗೈಯಿಂದ ತಟ್ಟಿ, ಎತ್ತಿ. ನೀರು ಬಟ್ಟೆಗೆ ಬರುತ್ತದೆ. ಉಜ್ಜುವ ಅಗತ್ಯವೇ ಇಲ್ಲ. ಕನ್ನಡಿಯ ಬುಡ, ಇಂಡಿಕೇಟರ್ ಸಂದಿ, ಸ್ವಿಚ್ಚಿನ ಸುತ್ತ ನೀರು ಅಡಗಿ ಕೂತಿರುತ್ತದೆ. ಆಮೇಲೆ ಮೆಲ್ಲಗೆ ಹನಿದು ಕಲೆ ಮಾಡುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಹೊರಗೆ ಬರುತ್ತದೆ.

ಸೈಲೆನ್ಸರಿನ ಕ್ಯಾರಿಬ್ಯಾಗ್ ತೆಗೆದಿರಾ? ಈಗ ಗಾಡಿ ಚಾಲೂ ಮಾಡಿ ಐದು ನಿಮಿಷ ಬಿಡಿ. ಆಮೇಲೆ ಓಣಿಯಲ್ಲೇ ಒಂದು ಸುತ್ತು ನಿಧಾನಕ್ಕೆ ಹೋಗಿ, ಮೂರ್ನಾಲ್ಕು ಸಲ ಬ್ರೇಕ್ ಒತ್ತಿ ಬನ್ನಿ. ಡ್ರಮ್ಮಿನೊಳಗೆ ನೀರು ಇಳಿದಿದ್ದರೆ ಮೊದಲ ಸಲ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಅದು ದೊಡ್ಡ ರಸ್ತೆಯಲ್ಲಿ ಗೊತ್ತಾಗುವುದು ಬೇಡ.

ಚೈನು

ಚೈನ್ ತೊಳೆಯುವಾಗ ಎಂಜಿನ್ ಬಂದ್ ಇರಬೇಕು, ಗೇರು ನ್ಯೂಟ್ರಲ್ಲಿನಲ್ಲಿ ಇರಬೇಕು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಗೇರ್ ಹಾಕಿ ಚಕ್ರ ತಿರುಗಿಸಿಕೊಂಡು ಬಟ್ಟೆ ಹಿಡಿಯುವ ಚಟ ಕೆಲವರಿಗಿದೆ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ.

ಚಿಮಣಿ ಎಣ್ಣೆ ಸಿಕ್ಕರೆ ಬ್ರಷ್ಷಿಗೆ ಹಚ್ಚಿ ಚೈನಿನ ನಾಲ್ಕೂ ಮಗ್ಗುಲು ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಸಿಗದಿದ್ದರೆ ಚೈನ್ ಕ್ಲೀನರ್ ಸ್ಪ್ರೇ ತನ್ನಿ. ಪೆಟ್ರೋಲ್ ಮಾತ್ರ ಬೇಡ, ಓ-ರಿಂಗ್ ಇರುವ ಚೈನಿನಲ್ಲಿ ಆ ರಬ್ಬರ್ ಉಂಗುರಗಳು ಒಣಗಿ ಬಿರಿಯುತ್ತವೆ. ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಚೈನಿನ ಒಳ ಮಗ್ಗುಲಿಗೆ ಹಾಕಿ. ಚಕ್ರ ತಿರುಗಿದಾಗ ಅದು ತಾನೇ ಹೊರಕ್ಕೆ ಹರಡುತ್ತದೆ. ಹತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ನಮ್ಮ ರಸ್ತೆಯಲ್ಲಿ ಎಣ್ಣೆ ತೊಟ್ಟಿಕ್ಕುವ ಚೈನು ಅಂದರೆ ಧೂಳಿಗೆ ಕರೆದು ಕೂರಿಸಿದ ಹಾಗೆ. 500, 600 ಕಿಲೋಮೀಟರಿಗೊಮ್ಮೆ ಈ ಕೆಲಸ ಆಗಬೇಕು, ಹೊಲದ ದಾರಿಯಲ್ಲಿ ಓಡಾಡುವವರಿಗೆ ಇನ್ನೂ ಬೇಗ. ಪೂರ್ತಿ ಮುಚ್ಚಿದ ಚೈನ್ ಕೇಸ್ ಇರುವ ಸ್ಪ್ಲೆಂಡರ್ ಥರದ ಗಾಡಿಗಳಲ್ಲಿ ಇಷ್ಟು ತಾಪತ್ರಯವಿಲ್ಲ. ಮುಚ್ಚಳ ತೆಗೆದು ನೋಡಿ, ಒಣಗಿದ್ದರೆ ಮಾತ್ರ ಎಣ್ಣೆ ಬಿಡಿ.

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಅಂಗಡಿಯಲ್ಲಿ ಎರಡನ್ನೂ ಪಾಲಿಶ್ ಅಂತಲೇ ಕೊಡುತ್ತಾರೆ, ಅದಕ್ಕೇ ಗೊಂದಲ. ಪಾಲಿಶ್‌ನಲ್ಲಿ ಅತಿ ಸಣ್ಣ ಅರೆಯುವ ಕಣಗಳಿರುತ್ತವೆ. ಅದು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಒಂಚೂರು ಸವೆಸಿ ಗೀರಿನ ಅಂಚನ್ನು ಮಟ್ಟ ಮಾಡುತ್ತದೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೆ ಒಂದು ಪದರ ಕೂರಿಸುತ್ತದೆ ಅಷ್ಟೇ. ಅಂದರೆ ಪಾಲಿಶ್ ಮಾಡಿದ ಪ್ರತಿ ಸಲವೂ ಪದರ ತೆಳ್ಳಗಾಗುತ್ತದೆ. ಆ ಪದರ ಕೂದಲೆಳೆಗಿಂತ ತೆಳ್ಳಗಿರುತ್ತದೆ. ವರ್ಷಕ್ಕೆ ಒಂದು ಸಲ ಪಾಲಿಶ್ ಸಾಕು. ವ್ಯಾಕ್ಸನ್ನು ಎರಡು ತಿಂಗಳಿಗೊಮ್ಮೆ ಧಾರಾಳವಾಗಿ ಹಚ್ಚಿ. ರಬ್ಬಿಂಗ್ ಕಾಂಪೌಂಡ್ ಅನ್ನುವುದು ಇನ್ನೂ ಒರಟು, ಪೇಂಟರ್ ಕೈಗೆ ಬಿಟ್ಟುಬಿಡಿ.

ಇನ್ನೊಂದು ಎಚ್ಚರಿಕೆ. ನಿಮ್ಮದು ಮ್ಯಾಟ್ ಬಣ್ಣದ ಗಾಡಿಯಾ? ಹಾಗಿದ್ದರೆ ಪಾಲಿಶ್ಶೂ ಬೇಡ, ಮಾಮೂಲಿ ವ್ಯಾಕ್ಸೂ ಬೇಡ. ಮ್ಯಾಟ್ ಮೇಲ್ಮೈ ಬೇಕಂತಲೇ ಒರಟಾಗಿರುತ್ತದೆ. ಉಜ್ಜಿದ ಕಡೆ ನಯವಾಗಿ ತೇಪೆ ತೇಪೆಯಾಗಿ ಹೊಳೆಯತೊಡಗುತ್ತದೆ. ಮತ್ತೆ ಮೊದಲಿನಂತೆ ಮಾಡಬೇಕೆಂದರೆ ಬಣ್ಣ ಹೊಡೆಸಬೇಕು. ಶಾಂಪೂ, ನೀರು, ಮ್ಯಾಟ್‌ಗೆಂದೇ ಬರುವ ಸ್ಪ್ರೇ ಅಷ್ಟೇ ಸಾಕು.

ಹೊಳಪು ಬಣ್ಣದ ಗಾಡಿಯವರು ಮುಂದೆ ಬನ್ನಿ. ತೊಳೆದು ಒಣಗಿಸಿದ ಟ್ಯಾಂಕಿನ ಮೇಲೆ, ತೆಳ್ಳನೆ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬೆರಳಾಡಿಸಿ. ಬರಿಗೈಗೆ ನುಣ್ಣಗೆ ಅನ್ನಿಸಿದ್ದು ಈಗ ತರಿತರಿ ಅನ್ನಿಸಿದರೆ ಬಣ್ಣಕ್ಕೆ ಕೊಳೆ ಕಚ್ಚಿದೆ ಅಂತ ಅರ್ಥ. ಕ್ಲೇ ಬಾರ್ ಅಂತ ಜೇಡಿಮಣ್ಣಿನ ಥರದ ಮುದ್ದೆ ಬರುತ್ತದೆ. ಶಾಂಪೂ ನೀರು ಹಾಕಿ ಅದನ್ನು ಮೆಲ್ಲಗೆ ಜಾರಿಸಿದರೆ ಕೊಳೆ ಅದಕ್ಕೆ ಅಂಟಿಕೊಂಡು ಬರುತ್ತದೆ. ಮುದ್ದೆ ನೆಲಕ್ಕೆ ಬಿತ್ತೋ, ಎಸೆದುಬಿಡಿ.

ಆಮೇಲೆ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ತಡೆದು ನಿಂತರೆ ಆ ಗೀರು ಆಳದ್ದು, ಕೈ ಪಾಲಿಶ್‌ಗೆ ಹೋಗುವುದಿಲ್ಲ. ಅದರ ಆಸೆ ಬಿಡಿ. ಉಗುರಿಗೆ ಸಿಗದ ಗೀರುಗಳು ಹೋಗುತ್ತವೆ, ಇಲ್ಲವೇ ಕಾಣದಷ್ಟು ಮಸುಕಾಗುತ್ತವೆ.

ಸ್ಟಿಕ್ಕರಿನ ಅಂಚಿಗೆ ಪೇಂಟರ್ ಟೇಪು ಅಂಟಿಸಿ. ಇಲ್ಲದಿದ್ದರೆ ಪಾಲಿಶ್ ಅಲ್ಲಿ ಸೇರಿ ಬಿಳಿ ಗೆರೆಯಾಗಿ ಒಣಗುತ್ತದೆ. ಬಟ್ಟೆಗೆ ಒಂದು ರೂಪಾಯಿ ನಾಣ್ಯದಷ್ಟು ಪಾಲಿಶ್ ಹಾಕಿ. ಅಂಗೈ ಅಗಲದ ಜಾಗ ಮಾತ್ರ ಹಿಡಿದು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಹದವಾಗಿ ಒತ್ತಿ ಉಜ್ಜಿ. ಪಾಲಿಶ್ ತೆಳ್ಳಗೆ ಮಂಜು ಮುಸುಕಿದಂತೆ ಆದಾಗ ಇನ್ನೊಂದು ಸ್ವಚ್ಛ ಬಟ್ಟೆಯಿಂದ ಒರೆಸಿ, ಬೆಳಕಿಗೆ ಓರೆಯಾಗಿ ನೋಡಿ. ಬೇಕಾದರೆ ಇನ್ನೊಂದು ಸಲ. ಟ್ಯಾಂಕಿನ ಅಂಚು, ಉಬ್ಬುಗೆರೆ ಇರುವ ಕಡೆ ಕೈ ಹಗುರ ಇರಲಿ, ಅಲ್ಲಿ ಬಣ್ಣ ಮೊದಲೇ ತೆಳ್ಳಗಿರುತ್ತದೆ.

ವ್ಯಾಕ್ಸ್ ಹಚ್ಚುವಾಗ ಜಿಪುಣರಾಗಿ. ದಪ್ಪಗೆ ಬಳಿದರೆ ಹೊಳಪು ಜಾಸ್ತಿ ಆಗುವುದಿಲ್ಲ, ಒರೆಸುವ ಕೆಲಸ ಮಾತ್ರ ಜಾಸ್ತಿ ಆಗುತ್ತದೆ. ಡಬ್ಬಿಯ ಮೇಲೆ ಹತ್ತು ನಿಮಿಷ ಒಣಗಿಸಿ ಅಂತ ಬರೆದಿದ್ದರೂ ನಮ್ಮ ಬೇಸಿಗೆಯಲ್ಲಿ ಅಷ್ಟು ಕಾಯಬೇಡಿ. ಬೆರಳು ಎಳೆದಾಗ ಸ್ವಚ್ಛ ಗೆರೆ ಮೂಡಿದರೆ ಒರೆಸಬಹುದು. ಕಾರ್ನೋಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಮರದ ಎಲೆಯಿಂದ ಬರುವಂಥದ್ದು, ಹೊಳಪು ಚೆಂದ, ಆದರೆ ದಿನವೆಲ್ಲಾ ಬಿಸಿಲಲ್ಲಿ ನಿಲ್ಲುವ ಗಾಡಿಯ ಮೇಲೆ ಬಹಳ ದಿನ ಬಾಳುವುದಿಲ್ಲ. ಬಯಲಲ್ಲೇ ಪಾರ್ಕಿಂಗ್ ಮಾಡುವವರು ಸಿಂಥೆಟಿಕ್ ವ್ಯಾಕ್ಸ್ ತೊಗೊಳ್ಳುವುದು ವಾಸಿ. ಬಣ್ಣದ ಮೇಲೆ ಗಟ್ಟಿ ಪದರ ಕೂರಿಸುವ ಸಿರಾಮಿಕ್ ಕೋಟಿಂಗ್ ಮಾಡಿಸಲಾ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಒಣ ಅರಿವಿಯ ಚಟ ಬಿಡದವರಿಗೆ ಅದು ದುಡ್ಡು ದಂಡ.

ಕ್ರೋಮ್, ಅಲ್ಯೂಮಿನಿಯಂ, ಕರಿ ಪ್ಲಾಸ್ಟಿಕ್

ಬುಲೆಟ್ ಇಟ್ಟವರಿಗೆ ಕ್ರೋಮೇ ಪ್ರಾಣ. ಅದರ ಪದರ ತೀರಾ ತೆಳುವು, ಕೆಳಗೆ ನಿಕ್ಕಲ್ ಇರುತ್ತದೆ. ಸಣ್ಣ ತುಕ್ಕಿನ ಚುಕ್ಕೆ ಕಂಡರೆ ಸ್ಯಾಂಡ್ ಪೇಪರ್ ಮುಟ್ಟಬೇಡಿ. ರೊಟ್ಟಿ ಕಟ್ಟುವ ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಚುಕ್ಕೆಯ ಮೇಲೆ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಗೀರಾಗುವುದಿಲ್ಲ, ತುಕ್ಕು ಕರಿ ನೀರಾಗಿ ಇಳಿಯುತ್ತದೆ. ತೊಳೆದು ಒಣಗಿಸಿ ವ್ಯಾಕ್ಸ್ ಹಚ್ಚಿ. ಕ್ರೋಮ್ ಸಿಪ್ಪೆಯಂತೆ ಎದ್ದಿದ್ದರೆ ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ, ಮರು ಪ್ಲೇಟಿಂಗ್ ಒಂದೇ ದಾರಿ.

ಅಲ್ಯೂಮಿನಿಯಂ ಎಂಜಿನ್ ಕವರಿಗೆ ಮೆಟಲ್ ಪಾಲಿಶ್ ಹಚ್ಚುವ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ. ಬಟ್ಟೆ ಕಪ್ಪಾದರೆ ಲೋಹ ಬರಿದಾಗಿದೆ, ಪಾಲಿಶ್ ಮಾಡಬಹುದು. ಕಪ್ಪಾಗದಿದ್ದರೆ ಮೇಲೆ ಲ್ಯಾಕರ್ (ಪಾರದರ್ಶಕ ಲೇಪ) ಇದೆ, ಸುಮ್ನೆ ತೊಳೆದು ಬಿಡಿ. ಬಿಳುಚಿದ ಕರಿ ಪ್ಲಾಸ್ಟಿಕ್ಕಿಗೆ ಕೊಬ್ಬರಿ ಎಣ್ಣೆ, ಹಳೆ ಎಂಜಿನ್ ಆಯಿಲ್ ಹಚ್ಚುವುದು ಬೇಡ. ಟ್ರಿಮ್ ಡ್ರೆಸ್ಸಿಂಗ್ ಅಂತಲೇ ಸಿಗುತ್ತದೆ.

ಹೊಳಪು ಬೇಡವೇ ಬೇಡದ ಜಾಗಗಳೂ ಇವೆ. ಟೈರಿನ ನೆಲ ಮುಟ್ಟುವ ಭಾಗ, ಬ್ರೇಕ್ ಡಿಸ್ಕು, ಬ್ರೇಕ್ ಪೆಡಲ್, ಫುಟ್‌ರೆಸ್ಟ್, ಹ್ಯಾಂಡಲ್ ಗ್ರಿಪ್ಪು, ಸೀಟು. ಟೈರಿನ ಮಗ್ಗುಲಿಗೆ ಹಚ್ಚುವ ಪಾಲಿಶ್ಶೂ ಬೈಕಿಗೆ ನನಗೆ ಸರಿ ಕಾಣುವುದಿಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ನೆಲ ಮುಟ್ಟುವುದು ಆ ಅಂಚೇ. ಡಿಸ್ಕಿಗೆ ತಪ್ಪಿ ತಗುಲಿದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿದ ಮೇಲೆಯೇ ಗಾಡಿ ಹೊರಡಲಿ.

ಖಂಡೆ ಪೂಜೆ ಆದ ಮೇಲೆ

ಖಂಡೆ ಪೂಜೆ ಅಂದರೆ ಆಯುಧ ಪೂಜೆ. ನವಮಿಯ ಹಿಂದಿನ ದಿನ ಸರ್ವಿಸಿಂಗ್ ಸೆಂಟರಿನಲ್ಲಿ ಪಾಳಿ ಹಚ್ಚಬೇಕು. ಮನೆಯಲ್ಲೇ ತೊಳೆದು ವ್ಯಾಕ್ಸ್ ಹಚ್ಚಿದರೆ ಪಾಳಿಯೂ ತಪ್ಪುತ್ತದೆ, ಇನ್ನೊಂದು ಲಾಭವೂ ಇದೆ. ಅರಿಶಿಣ, ಕುಂಕುಮ ವ್ಯಾಕ್ಸ್ ಮೇಲೆ ಕೂರುತ್ತವೆ, ಬಣ್ಣಕ್ಕೆ ಇಳಿಯುವುದಿಲ್ಲ. ಬಿಳಿ ಸ್ಟಿಕ್ಕರ್ ಮತ್ತು ಮ್ಯಾಟ್ ಬಣ್ಣದ ಮೇಲೆ ಅರಿಶಿಣ ಹಚ್ಚಲೇಬೇಡಿ. ಈಗಿನ ಕುಂಕುಮದಲ್ಲಿ ಬಹಳಷ್ಟು ಕೃತಕ ಬಣ್ಣದ್ದು, ಕಲೆ ಬಿಡಿಸುವುದು ಕಷ್ಟ. ಹೆಡ್‌ಲೈಟ್ ಗಾಜಿನ ಮೇಲೆ ಇಟ್ಟರೆ ದೇವರು ಬೇಡ ಅನ್ನುವುದಿಲ್ಲ. ವಿಭೂತಿಯೂ ಪುಡಿಯೇ ತಾನೇ, ಅದನ್ನು ಮರುದಿನ ಒಣ ಬಟ್ಟೆಯಿಂದ ಉಜ್ಜಬೇಡಿ, ನೀರು ಸುರಿದು ಇಳಿಸಿ.

ಚೆಂಡುಹೂವಿನ ಮಾಲೆಯನ್ನು ತಂತಿಯಿಂದ ಕಟ್ಟಬೇಡಿ, ದಾರ ಬಳಸಿ. ತಂತಿಯ ತುದಿ ಗಾಡಿ ಓಡುವಾಗ ಅಲುಗಿ ಅಲುಗಿ ಹೆಡ್‌ಲೈಟ್ ಸುತ್ತ ಕೆರೆಯುತ್ತದೆ. ಕಾಯಿ ಒಡೆದಾಗ ಅದರ ನೀರು ಟ್ಯಾಂಕಿಗೆ ಸಿಡಿದರೆ ಅವತ್ತೇ ಒದ್ದೆ ಬಟ್ಟೆ ಹಾಕಿ, ಸಕ್ಕರೆ ಅಂಶಕ್ಕೆ ಇರುವೆ ಸೀಟಿನ ಕೆಳಗೂ ಸೇರುತ್ತವೆ. ಹ್ಯಾಂಡಲ್ಲಿಗೆ ಕಟ್ಟಿದ ನಿಂಬೆಹಣ್ಣು ಮೂರ್ನಾಲ್ಕು ದಿನಕ್ಕೆ ಮೆತ್ತಗಾಗಿ ರಸ ತೊಟ್ಟಿಕ್ಕುತ್ತದೆ. ಅದು ಇಳಿಯುವುದು ನೇರ ಫೋರ್ಕಿನ ಮೇಲೆ ಅಥವಾ ಮುಂದಿನ ಮಡ್‌ಗಾರ್ಡಿನ ಮೇಲೆ. ಬನ್ನಿ ಕೊಟ್ಟು ಮುಗಿದ ಮಾರನೇ ದಿನ ಮಾಲೆ, ನಿಂಬೆ ಎಲ್ಲ ಬಿಚ್ಚಿ ಗಿಡದ ಬುಡಕ್ಕೆ ಹಾಕಿ, ಆ ಜಾಗಕ್ಕೆ ಒಂದು ಚೊಂಬು ಸಿಹಿ ನೀರು ಸುರಿದು ಒರೆಸಿಬಿಡಿ.